ಇಪ್ಪತ್ತೆರಡನೆಯ ಬಾಗಿಲು

ಗುರುವಾರದ ದೋಣಿ ಹೊರಡುವುದಿಲ್ಲವೆಂದು
ಬಂದರಿನವರು ಮಂಗಳವಾರವೇ ಹೇಳಿಬಿಟ್ಟರು.
ಹಾಗಾಗಿ ನಾನು ಓರ್ತಾದಲ್ಲಿ, ಯಂತ್ರ ಕೊರ್ವೊ ದ್ವೀಪದಲ್ಲಿ,
ನಡುವೆ ನೂರೈವತ್ತು ಮೈಲಿ ಮುನಿದ ಕಡಲು.

ಹಳೆಯ ಡಿಸ್ಕು ಉಪ್ಪುಗಾಳಿಗೆ ಹೋಯಿತು.
ಏಳು ವರ್ಷ ನೆಲದ ನಡುಕ ಬರೆದುಕೊಂಡದ್ದು
ಒಂದು ರಾತ್ರಿ ಟಿಕ್ಕು ಟಿಕ್ಕೆಂದಿತು, ಆಮೇಲೆ ಅದೂ ಇಲ್ಲ.
ಹೊಸದನ್ನು ಅಂಚೆಯಲ್ಲಿ ಕಳಿಸಿದೆ, ಜೊತೆಗೊಂದು ಪೆನ್‌ಡ್ರೈವ್,
ನನ್ನ ಕೈಬರಹದ ಎರಡು ಹಾಳೆ.
ಕೂಡಿಸಿದವನು ಎರ್ಮೀನಿಯೊ.
ಯಂತ್ರದ ಕೋಣೆಯ ಬೀಗದ ಕೈ ಅವನಲ್ಲಿದೆ,
ಅಷ್ಟೇ ಅವನ ಅರ್ಹತೆ. ಉಳಿದಂತೆ
ಹದಿನಾರು ಹಸು, ಒಂದು ಮಂಡಿನೋವು.

ಲಿನಕ್ಸ್ ಎದ್ದು ಕೂತಿದೆ, ಎಂದ ಫೋನಿನಲ್ಲಿ,
ಕಪ್ಪು ಪರದೆ, ಕಣ್ಣು ಮಿಟುಕಿಸುವ ಬಿಳಿ ಗೀಟು.
ನಾನು ಇಲ್ಲಿಂದ ಬಾಗಿಲು ತಟ್ಟಿದೆ.
ನಿರಾಕರಿಸಲಾಗಿದೆ.
ಒಳ್ಳೆಯದಾಯಿತು, ಎಂದೆ.
"ಬೇಡ ಅಂದರೆ ಒಳ್ಳೆಯದೇ?"
ಬೇಡ ಅನ್ನುವುದಕ್ಕೂ ಒಳಗೆ ಯಾರಾದರೂ ಇರಬೇಕಲ್ಲ ಮಾರಾಯ.

ಕೇಳಿಸಿದೆ. ಆ ಹೆಸರಿನ ಸೇವೆಯೇ ಇಲ್ಲವಂತೆ.
ಡಿಸ್ಕಿಗೆ ಲಿನಕ್ಸ್ ಇಳಿಸುವಾಗ
ಒಂದು ಚೌಕದಲ್ಲಿ ಗುರುತು ಹಾಕಬೇಕಿತ್ತು;
ನನ್ನ ಎರಡು ಹಾಳೆಯಲ್ಲಿ ಆ ಚೌಕವೇ ಇಲ್ಲ.
ಇದನ್ನು ಅವನಿಗೆ ಹೇಳಲಿಲ್ಲ.

ಅಡ್ಡಗೆರೆ ಒತ್ತು ಎಂದರೆ ಓರೆಗೆರೆ ಬರುತ್ತದೆ.
"ನನ್ನ ಬೆರಳು ಸರಿಯಿದೆ ದಿಯೊಲಿಂದಾ, ಗುಂಡಿ ಸುಳ್ಳು ಹೇಳುತ್ತಿದೆ."
ಕೀಲಿಮಣೆ ಪೋರ್ಚುಗಲ್ಲಿನದು,
ಯಂತ್ರ ಅದನ್ನು ಅಮೆರಿಕದ್ದೆಂದು ನಂಬಿ ಕೂತಿದೆ.
ಸೊನ್ನೆಯ ಬಲಕ್ಕಿರುವುದನ್ನು ಒತ್ತು,
ಮೇಲೆ ಬರೆದದ್ದನ್ನು ಓದಬೇಡ.
ಒತ್ತಿದ. ಅಡ್ಡಗೆರೆ ಬಂತು.
ಸಾಲುಗಳು ಸರಸರ ಇಳಿದವು, ಹಸಿರು ಚುಕ್ಕೆ ಹತ್ತಿತು,
ನಾನು ಕಾಫಿಗೆ ಎದ್ದೆ.

ಮರಳಿ ತಟ್ಟಿದರೆ ಈಗ ಬೇಡವೂ ಇಲ್ಲ.
ಹತ್ತು ಎಣಿಸಿದೆ, ನೂರು ಎಣಿಸಿದೆ.
ಸಮಯ ಮೀರಿದೆ.
ಬೈಗುಳವನ್ನಾದರೂ ತಡೆದುಕೊಳ್ಳಬಹುದು,
ಇದು ಕಲ್ಲಿಗೆ ಕೂಗಿದ ಹಾಗೆ.
ಏನು ಮಾಡಿದೆ, ಎರ್ಮೀನಿಯೊ?
"ನಿಮ್ಮ ಹಾಳೆಯ ಕೊನೆಯ ಸಾಲು ಉಳಿದಿತ್ತು,
ಗೋಡೆ ಎಬ್ಬಿಸು ಅಂತ. ಎಬ್ಬಿಸಿದೆ."
ಗೋಡೆಗೊಂದು ಬಾಗಿಲು ಬಿಡು ಎಂದೂ ನಾನು ಬರೆದಿರಲಿಲ್ಲ.
ಇಪ್ಪತ್ತೆರಡನ್ನು ತೆಗೆ, ಎಂದೆ. ತೆಗೆದ.

ಆಗ ನನ್ನ ಯಂತ್ರವೇ ಕಿರುಚಿಕೊಂಡಿತು:
ಎಚ್ಚರ, ವಿಳಾಸ ಅದೇ, ಒಳಗಿರುವವರು ಅವರಲ್ಲ.
ನಿಜವೇ. ಅವರಲ್ಲ.
ಏಳು ವರ್ಷದ ಗುರುತನ್ನು ಒಂದು ಸಾಲಿನಲ್ಲಿ ಅಳಿಸಿದೆ.
ಹೊಸ ಬೆರಳಚ್ಚು ಓದು ಎಂದೆ, ನಲವತ್ತಮೂರು ಅಕ್ಷರ,
ದೊಡ್ಡದು ಚಿಕ್ಕದು ಬೇರೆ ಬೇರೆ, ತಪ್ಪಬಾರದು.

"ದೊಡ್ಡದಾದರೆ ಹಸು, ಚಿಕ್ಕದಾದರೆ ಕರು ಅನ್ನಲೇ?"
ಅನ್ನು.
ಮಿಮೋಸಾ ಹಸು. ಎಸ್ತ್ರೆಲಾ ಕರು. ಏಳು.
ಪೊಂಬಿನ್ಯಾ ಕರು. ತ್ರಿಗೇಯಿರಾ ಹಸು.
ಹಸುಗಳು ಸಾಲದಾದಾಗ ದೋಣಿಗಳು ಬಂದವು,
ದೋಣಿ ಮುಗಿದಾಗ ಸಂತರು,
ಸಂತ ಜಕಾರಿಯಸ್ ಕರು.
ಡಬ್ಲ್ಯೂಗೆ ಹೆಸರೇ ಸಿಗಲಿಲ್ಲ: "ಎರಡು ವಿ ಅಂಟಿಕೊಂಡಿವೆ,
ಅವಳಿ ಕರು ಅಂತ ಬರೆದುಕೊಳ್ಳಿ."
ಮೂವತ್ತೊಂದನೆಯದಕ್ಕೆ ನಿಂತ.
ಗಾಳಿ ಕೇಳಿಸುತ್ತಿತ್ತು, ತಗಡು ಬಡಿಯುವುದು.
"ದೊಡ್ಡದು," ಎಂದ.
ಹೆಸರು?
"ಬಿ. ಬಿ ಅಷ್ಟೇ."
ಆಮೇಲೆ ಸ್ವಲ್ಪ ಬೇಗಬೇಗ ಓದಿ ಮುಗಿಸಿದ.

ಎಲ್ಲವೂ ಕೂಡಿತು.
ಹೌದು ಎಂಬುದನ್ನು ಪೂರ್ತಿ ಬರೆ ಎಂದಿತು ಪರದೆ,
ಮೊದಲಕ್ಷರ ಮಾತ್ರ ಒತ್ತಿದರೆ ಒಪ್ಪದು. ಪೂರ್ತಿ ಬರೆದೆ.
ಒಳಗೆ ಬಂದಿದ್ದೇನೆ, ನೀನಿನ್ನು ಹೊರಡು, ಹಾಲು ಕರೆಯುವ ಹೊತ್ತು.
ಫೋನು ಇಟ್ಟ.

ದಾಖಲೆಯ ಪ್ರೋಗ್ರಾಮನ್ನು ಎಬ್ಬಿಸಿದೆ.
ಖಾಲಿ ಗೆರೆ ಉದ್ದಕ್ಕೆ ಓಡಿತು, ಆಮೇಲೆ
ಸಣ್ಣ ಸಣ್ಣ ಮುಳ್ಳು, ಭೂಮಿಯದಲ್ಲ:
ಒಂದು ಭಾರ, ಒಂದು ಹಗುರ,
ಒಂದು ಭಾರ, ಒಂದು ಹಗುರ,
ಬಾಗಿಲ ಹತ್ತಿರ ಒಂದು ದೊಡ್ಡದು, ಬೀಗ ಬಿದ್ದಿರಬೇಕು,
ಮತ್ತೆ ಭಾರ, ಹಗುರ,
ಇಳಿಜಾರಿನ ಕಡೆಗೆ.